ಎತ್ತರ ಬ್ಯಾರೆ, ಬಾಗೂದು ಬ್ಯಾರೆ

ದೋಸ್ತರ, ಹೋದ ಪೋಸ್ಟಿನಾಗ ನಮ್ಮ ಕಾಕಾನ ಪಿಕಪ್ ಫೋಟೋ ನೋಡಿ ಭಾಳ ಮಂದಿ ಒಂದೇ ಮಾತು ಬರೆದ್ರಿ: "ಹಿಂದ ಎರಡು ಕಮಾನು ಪಟ್ಟಿ ಜಾಸ್ತಿ ಹಾಕ್ಸು, ಗಾಡಿ ಎತ್ತರ ಆಗ್ತೈತಿ, ಹೊಲಕ್ಕೂ ಸೈ, ರೋಡಿಗೂ ಸೈ."

ಹಾಕ್ಸಬ್ಯಾಡ್ರಿ. ನಾವು ಹಾಕ್ಸಿ, ತೆಗೆಸಿದ್ದೀವಿ.

ನಮ್ಮ ಗಾಡಿಗೆ ದಿನಾ ಎರಡು ಲೋಕ. ಬೆಳಿಗ್ಗೆ ಕುಂದಗೋಳ ಕಡೆ ಎರೆಹೊಲದ ದಾರಿ, ಮಧ್ಯಾಹ್ನ ಹುಬ್ಬಳ್ಳಿ-ಧಾರವಾಡ ಬೈಪಾಸ್.

ಹೊಲದಾಗ ಒಂದು ಗಾಲಿ ತಗ್ಗಿನಲ್ಲಿ, ಇನ್ನೊಂದು ಬದುವಿನ ಮ್ಯಾಲೆ. ಆಗ ಸಸ್ಪೆನ್ಶನ್ ಬಾಗಿ ಎರಡೂ ಟಯರ್ ನೆಲಕ್ಕ ಒತ್ತಿರಬೇಕು. ಒಂದು ಗಾಲಿ ಗಾಳಿಯಲ್ಲಿ ಎದ್ದರೆ ಅದು ಸುಮ್ನೆ ಗರಗರ ತಿರುಗ್ತೈತಿ, ಗಾಡಿ ನಿಂತಲ್ಲೇ ನಿಲ್ತೈತಿ.

ರೋಡಿನಾಗ ಇದರ ಉಲ್ಟಾ. ತಿರುವಿನಲ್ಲಿ ಬಾಡಿ ವಾಲಬಾರದು, ಅದಕ್ಕ ಬಿಗಿ ಸ್ಪ್ರಿಂಗ್, ಆ್ಯಂಟಿ-ರೋಲ್ ಬಾರ್ ಬೇಕು. ಅದೇ ಬಾರ್ ಹೊಲದಾಗ ಗಾಲಿ ಕೆಳಗಿಳಿಯೂದನ್ನ ತಡೀತೈತಿ. ಜೀಪ್ ರ‍್ಯಾಂಗ್ಲರ್ ರೂಬಿಕಾನ್‌ನಲ್ಲಿ ಮುಂದಿನ ಬಾರ್ ಬಿಡಿಸಾಕ ಒಂದು ಬಟನ್ ಇಟ್ಟಾರ. ಅಂದ್ರ ಅಂಥಾ ಕಂಪನಿಗೂ ಒಂದೇ ಸೆಟ್ಟಿಂಗಿನಾಗ ಎರಡೂ ಸಿಕ್ಕಿಲ್ಲ.

ಪಟ್ಟಿ ಹೆಚ್ಚು ಹಾಕಿದ್ರ ಏನಾಗ್ತೈತಿ? ಗಾಡಿ ಎತ್ತರ ಆಗ್ತೈತಿ, ಖರೆ. ಆದರೆ ಸ್ಪ್ರಿಂಗ್ ಬಿಗಿಯಾಗಿ ಬಾಗೂದು ಕಮ್ಮಿ ಆಗ್ತೈತಿ, ಅಂದ್ರ ಹೊಲದಾಗ ಲುಕ್ಸಾನು. ಭಾರ ಮ್ಯಾಲೆ ಹೋದ್ದರಿಂದ ತಿರುವಿನಲ್ಲಿ ವಾಲೂ ಭಯ. ಇನ್ನು ಖಾಲಿ ಗಾಡಿಗೆ ಆ ಪಟ್ಟಿ ಬಗ್ಗೂದೇ ಇಲ್ಲ, ಹಿಂದಿನ ಗಾಲಿ ಕುಪ್ಪಳಿಸ್ತಾವ. ರೋಡು ಮುಟ್ಟದ ಟಯರಿಗೆ ಬ್ರೇಕ್ ಎಲ್ಲಿಂದ ಹತ್ತಬೇಕು?

ಹೋದ ಮಳೆಗಾಲ ಧಾರವಾಡದಾಗ ಮಾಲು ಇಳಿಸಿ ಖಾಲಿ ಬರ್ತಿದ್ವಿ. ಬೈಪಾಸಿನಾಗ ಮುಂದಿನ ಬಸ್ ಬ್ರೇಕ್ ಹಾಕಿತು, ಕಾಕಾನೂ ಒತ್ತಿದ. ಗಾಡಿ ಹಿಂಭಾಗ ಕುಪ್ಪಳಿಸಿ ಅರ್ಧ ಲೇನ್ ಎದುರಿಗೆ ಜಾರಿತು. ಎದುರಿಂದ ಯಾರೂ ಬರ್ತಿರಲಿಲ್ಲ, ಅಷ್ಟೇ. 2021ರ ಜನವರಿಯಾಗ ಇಟಿಗಟ್ಟಿ ಹತ್ರ ಆದ ಅಪಘಾತ ನಿಮಗೂ ನೆನಪಿರಬೇಕು. ಅದರ ಕಾರಣ ಬ್ಯಾರೆ. ಆದರೆ ಆಗ ಆ ರೋಡಿನಾಗ ತಪ್ಪಿಗೆ ಜಾಗ ಎಷ್ಟು ಕಮ್ಮಿ ಇತ್ತು ಅನ್ನೋದು ನಮಗೆಲ್ಲ ಗೊತ್ತು.

ಮರುದಿನಾನೇ ಪಟ್ಟಿ ತೆಗೆಸಿದ್ವಿ. ಹೊಸ ಶಾಕ್ ಅಬ್ಸಾರ್ಬರ್ ಹಾಕ್ಸಿದ್ವಿ, ಟಯರ್ ಗಾಳಿ ಲೋಡಿಗೆ ತಕ್ಕಂಗ ನೋಡ್ತೀವಿ, ಆರ್‌ಸಿಯಲ್ಲಿ ಬರೆದದ್ದಕ್ಕಿಂತ ಜಾಸ್ತಿ ಹೇರೂದಿಲ್ಲ. ಮಳೆ ಬಿದ್ದಾಗ ಕೆಲವು ಹೊಲಕ್ಕ ಗಾಡಿ ಇಳಿಸೂದೇ ಇಲ್ಲ. ರೈತರು ಟ್ರ್ಯಾಕ್ಟರಿನಾಗ ರಸ್ತೆ ತನಕ ತರ್ತಾರ, ಆ ಬಾಡಿಗೆಯಾಗ ನಮ್ಮದೂ ಪಾಲು ಹೋಗ್ತೈತಿ.

ಬಿಕಾಂ ಹುಡುಗ, ಲೆಕ್ಕದಾಗೇ ಹೇಳ್ತೀನಿ. ಡೆಬಿಟ್ ಇಲ್ಲದ ಕ್ರೆಡಿಟ್ ಇಲ್ಲ. ಬಾಡಿಗೆಯ ಪಾಲು ನಮ್ಮ ಡೆಬಿಟ್. ಕಾಕಾ ದಿನಾ ರಾತ್ರಿ ಮನಿಗೆ ಬರೂದು ಕ್ರೆಡಿಟ್.

ನಿಮ್ಮ ಮನಿ ಗಾಡಿಗೆ ಪಟ್ಟಿ ಹಾಕ್ಸೀರೇನು? ಖಾಲಿ ಇದ್ದಾಗ ಬ್ರೇಕ್ ಹೆಂಗ ಹತ್ತತೈತಿ? ಕಮೆಂಟಿನಾಗ ಬರೀರಿ.

#ಹಳೇಹುಬ್ಬಳ್ಳಿ #ಗಾಡಿಮಾತು