ಗಾಯಕಿ ಗ್ರೇಸ್ ಮೂರ್

ಸಂಗೀತವಿದ್ಯೆಯನ್ನು ಕಲಿತವರು ಚಲಚ್ಚಿತ್ರಕ್ಕೆ ಹೋದರೆ ವಿದ್ಯೆಯನ್ನು ಅಗ್ಗಕ್ಕೆ ಮಾರಿಕೊಂಡರೆಂದು ಹಳಿಯುವವರುಂಟು. ಹಾಗೆ ಹಳಿಯುವ ಮುನ್ನ ಅಮೆರಿಕೆಯ ಗ್ರೇಸ್ ಮೂರ್ ಎಂಬಾಕೆಯ ಜೀವಿತವನ್ನು ನಮ್ಮ ವಾಚಕರು ಕೊಂಚ ಅವಲೋಕಿಸಬೇಕೆಂದು ನಾವು ಬಯಸುತ್ತೇವೆ.

ಆಕೆ 1898ರಲ್ಲಿ ಟೆನ್ನೆಸೀ ಸಂಸ್ಥಾನದ ಒಂದು ಹಳ್ಳಿಯಲ್ಲಿ ಜನಿಸಿದಳು. ಮೊದಲು ಹೆಸರು ಪಡೆದುದು ನ್ಯೂಯಾರ್ಕಿನ ಹಾಡು, ಕುಣಿತ, ವಿನೋದಗಳ ಆಟಗಳಲ್ಲಿ. 1924ರ ಒಂದು ಆಟದಲ್ಲಿ ಕತ್ತಲು ಕವಿದ ರಂಗದ ಎರಡು ತುದಿಗಳಲ್ಲಿ ಆಕೆಯೂ ಸಹನಟನಾದ ಆಸ್ಕರ್ ಷಾ ಎಂಬಾತನೂ ನಿಂತು, ಬೆಳಗುವ ಟೆಲಿಫೋನುಗಳನ್ನು ಹಿಡಿದು, ಅರ್ವಿಂಗ್ ಬರ್ಲಿನ್ ರಚಿಸಿದ ಏಕಾಂತದ ಹಾಡೊಂದನ್ನು ಹಾಡುತ್ತಿದ್ದರು. ಇಷ್ಟು ಜನಪ್ರಿಯತೆ ಬೇರೊಬ್ಬರಿಗೆ ಸಾಕಾಗುತ್ತಿತ್ತು. ಆಕೆಯ ಮನಸ್ಸು ಆಪೆರಾದ ಕಡೆಗಿತ್ತು.

ಆಪೆರಾ ಎಂದರೆ ಬಹುಮಟ್ಟಿಗೆ ಆದ್ಯಂತವೂ ವಾದ್ಯವೃಂದದೊಡನೆ ಹಾಡಿಯೇ ನಡೆಸುವ ನಾಟಕ. ಧ್ವನಿವರ್ಧಕದ ನೆರವಿಲ್ಲದೆ ಕಂಠವೊಂದೇ ಇಡೀ ಮಂದಿರವನ್ನು ತುಂಬಬೇಕು. ಆಕೆ ಫ್ರಾನ್ಸಿಗೆ ಹೋಗಿ ಕಂಠವನ್ನು ಸಾಧಿಸಿಕೊಂಡು ಬಂದು, 1928ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದಲ್ಲಿ ಪುಚೀನಿಯ ‘ಲಾ ಬೊಎಮ್’ ನಾಟಕದ ಮಿಮಿಯಾಗಿ ನಿಂತಳು. ವಿಮರ್ಶಕರೆಲ್ಲರೂ ಮೆಚ್ಚಲಿಲ್ಲ, ಜನ ಮೆಚ್ಚಿದರು.

1930ರ ಮೊದಲ ಚಿತ್ರಗಳು ಆಕೆಗೆ ಚಿತ್ರರಂಗದಲ್ಲಿ ನೆಲೆ ಕೊಡಲಿಲ್ಲ. 1932ರಲ್ಲಿ ಪುನಃ ರಂಗಭೂಮಿ. ಆಮೇಲೆ 1934ರಲ್ಲಿ ‘ಒನ್ ನೈಟ್ ಆಫ್ ಲವ್’ ಬಂದಿತು: ಕಠಿನನಾದ ಗುರುವಿನ ಕೈಯಲ್ಲಿ ಪಳಗಿ ಆಪೆರಾ ಗಾಯಕಿಯಾಗುವ ಹೆಣ್ಣಿನ ಕಥೆ. ಅದರ ಸಂಗೀತಕ್ಕೂ ಧ್ವನಿಮುದ್ರಣಕ್ಕೂ ಆಸ್ಕರ್ ಪಾರಿತೋಷಕಗಳು ದೊರೆತವು. ಶ್ರೇಷ್ಠ ನಟಿಯ ಪಾರಿತೋಷಕಕ್ಕೆ ಆಕೆಯ ಹೆಸರೂ ಸೂಚಿತವಾಗಿದ್ದಿತು. ಆಪೆರಾ ಮಂದಿರದ ಮೆಟ್ಟಿಲನ್ನೇ ಹತ್ತದ ಊರೂರಿನ ಜನರು ಸಿನೆಮಾ ಟಿಕೆಟ್ಟಿನ ಬೆಲೆಗೆ ಪುಚೀನಿಯ ಗೀತವನ್ನು ಕೇಳಿದರು. ಇದನ್ನು ವಿದ್ಯೆಯ ಮಾರಾಟವೆನ್ನಲು ನಮ್ಮ ಮನಸ್ಸೊಪ್ಪದು.

ಏಕೆಂದರೆ ಆಕೆ ಹಿಂದಿನದನ್ನು ಬಿಡಲಿಲ್ಲ. 1935ರಲ್ಲಿ ಲಂಡನ್ನಿನ ಕಾವೆಂಟ್ ಗಾರ್ಡನ್ನಿನಲ್ಲಿ ಹಾಡಿದಳು. ಪ್ಯಾರಿಸ್ಸಿನ ಬಡ ಹೊಲಿಗೆಯ ಹುಡುಗಿಯೊಬ್ಬಳ ಕಥೆಯಾದ ‘ಲೂಯಿಸ್’ ಆಕೆಗೆ ಬಹು ಪ್ರಿಯವಾದ ಪಾತ್ರ. ಚಿತ್ರಗಳಿಂದ ಧನವೂ ಕೀರ್ತಿಯೂ ಬಂದ ಮೇಲೆ, ನಲವತ್ತರ ಅಂಚಿನಲ್ಲಿ, ಅದನ್ನು ರಚಿಸಿದ ವೃದ್ಧ ಷಾರ್ಪಾಂಟಿಯೆಯ ಬಳಿ ಶಿಷ್ಯೆಯಾಗಿ ಕುಳಿತು ಪಾಠ ಹೇಳಿಸಿಕೊಂಡಳು! 1939ರಲ್ಲಿ ಮೆಟ್ರೊಪಾಲಿಟನ್ನಿನಲ್ಲಿ ಅದನ್ನು ಹಾಡಿದಳು. ಆ ವರ್ಷವೇ ಆಬೆಲ್ ಗಾನ್ಸನ ನಿರ್ದೇಶನದಲ್ಲಿ ಅದು ಚಿತ್ರವೂ ಆಯಿತು.

1947ರ ಜನವರಿ 26ರಂದು, ಕೋಪನ್‌ಹೇಗನ್ನಿನಲ್ಲಿ ಕಚೇರಿ ಮುಗಿಸಿಕೊಂಡು ಸ್ಟಾಕ್‌ಹೋಮಿಗೆ ಹೊರಟಿದ್ದಳು. ನಿಂತ ವಿಮಾನದ ಬಾಲದ ಪಟ್ಟಿ ಗಾಳಿಗೆ ಅಲುಗದಂತೆ ಸಿಕ್ಕಿಸಿದ್ದ ಅಗುಳಿಯನ್ನು ತೆಗೆಯಲು ಮರೆತಿದ್ದರು. ವಿಮಾನವು ಮೇಲೇರಿ ಕ್ಷಣಮಾತ್ರದಲ್ಲಿ ಕೆಳಗುರುಳಿತು. ಸ್ವೀಡನ್ನಿನ ರಾಜಕುಮಾರ ಗುಸ್ತಾಫ್ ಅಡಾಲ್ಫನೂ ಸೇರಿ ಒಳಗಿದ್ದ 22 ಮಂದಿಯೂ ಮಡಿದರು. ಆಕೆಗೆ ಆಗ 48 ವಯಸ್ಸು. ಸಮಾಧಿಯು ತವರುನಾಡಾದ ಟೆನ್ನೆಸೀಯ ಚಟನೂಗ ನಗರದಲ್ಲಿದೆ.