ಅಬು ಬೆಟ್ಟದ ವಯಸ್ಸೆಷ್ಟು?



ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯಿಂದ ರಾಜಸ್ಥಾನದ ಯಾತ್ರೆಗೆ ಹೋಗಿ ಬಂದವರು ಅಬು, ರಾಣಕಪುರ, ಕೇಸರಿಯಾಜಿಗಳ ಮಂದಿರಗಳನ್ನು ಬಾಯ್ತುಂಬ ಹೊಗಳುತ್ತಾರೆ. ಆ ಮೂರೂ ಕ್ಷೇತ್ರಗಳನ್ನು ಮಡಿಲಲ್ಲಿಟ್ಟುಕೊಂಡ ಅರಾವಳಿ ಬೆಟ್ಟಸಾಲಿನ ಮಾತು ಬರುವದು ಅಪರೂಪ. ಬಂದರೂ ಒಂದೇ ಪ್ರಶ್ನೆ: "ಹಿಮಾಲಯಕ್ಕಿಂತ ಹಳೆಯದು ಅನ್ನುತ್ತಾರೆ, ಮತ್ತೆ ಇಷ್ಟು ಗಿಡ್ಡ ಯಾಕೆ?" ಈ ತಿಂಗಳು ಅದನ್ನೇ ನೋಡೋಣ. ನಾನು ಮ್ಯಾಟ್ರಿಕ್‌ವರೆಗೆ ಓದಿದ ವ್ಯಾಪಾರಸ್ಥ. ಆದ್ದರಿಂದ ಅಂಗಡಿಯ ಭಾಷೆಯಲ್ಲಿಯೇ ಹೇಳುತ್ತೇನೆ.

ದಿಲ್ಲಿಯ ಹತ್ತಿರ ಆರಂಭವಾಗಿ ಹರಿಯಾಣಾ, ರಾಜಸ್ಥಾನಗಳನ್ನು ಓರೆಯಾಗಿ ದಾಟಿ ಗುಜರಾತಿನವರೆಗೆ ಸುಮಾರು 670 ಕಿಲೋಮೀಟರ್ ಈ ಸಾಲು ಹಬ್ಬಿದೆ. ಎಲ್ಲಕ್ಕೂ ಎತ್ತರದ್ದು ಅಬುವಿನ ಗುರುಶಿಖರ, 1,722 ಮೀಟರ್. ದಿಲ್ಲಿಯಲ್ಲಿ ರಾಷ್ಟ್ರಪತಿ ಭವನ ಕಟ್ಟಿದ ರಾಯ್‌ಸಿನಾ ಗುಡ್ಡವೂ ಇದರದೇ ಬಾಲ.

ಭೂಮಿಯ ಮೇಲಿನ ಗಟ್ಟಿ ಪದರು ಅಖಂಡವಾದದ್ದಲ್ಲ. ಹಲವು ದೊಡ್ಡ ಹಲಗೆಗಳಾಗಿ ಒಡೆದಿದ್ದು, ಅವು ವರ್ಷಕ್ಕೆ ಕೆಲವೇ ಸೆಂಟಿಮೀಟರ್, ಅಂದರೆ ನಮ್ಮ ಉಗುರು ಬೆಳೆದಷ್ಟು, ಸರಿಯುತ್ತಲೇ ಇರುತ್ತವೆ. ಎರಡು ಹಲಗೆ ದೂರ ಸರಿದರೆ ನಡುವೆ ತಗ್ಗು ಬಿದ್ದು ಸಮುದ್ರ ನುಗ್ಗುತ್ತದೆ. ಮತ್ತೆ ಒಂದನ್ನೊಂದು ಒತ್ತಿದರೆ ಆ ಸಮುದ್ರ ಮುಚ್ಚಿ, ತಳದ ಕೆಸರು-ಕಲ್ಲು ಮಡಿಕೆ ಬಿದ್ದು ಪರ್ವತವಾಗುತ್ತದೆ. ಬಟ್ಟೆಯ ಥಾನು ಬಿಚ್ಚಿ ಹರವಿ, ಎರಡೂ ಬದಿಯಿಂದ ಕೈಯಿಂದ ಒಳಕ್ಕೆ ನೂಕಿ ನೋಡಿರಿ, ತಿಳಿಯುತ್ತದೆ. ಅರಾವಳಿಯಲ್ಲಿ ಈ ತೆರೆಯುವ-ಮುಚ್ಚುವ ವ್ಯವಹಾರ ಎರಡು ಸಲ ನಡೆದಿದೆ.

ಮೊದಲು ಆರಂಭದ ಶಿಲ್ಕು ನೋಡೋಣ. ಉದಯಪುರದ ಸುತ್ತಿನ ಪಟ್ಟೆಪಟ್ಟೆಯ ತಳಗಲ್ಲಿನಲ್ಲಿ ಅತಿ ಹಳೆಯದಕ್ಕೆ ಸುಮಾರು 330 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಎ. ಎಂ. ಹೆರಾನ್ ಎಂಬವರು ವರ್ಷಾನುಗಟ್ಟಲೆ ರಜಪುತಾನಾ ಅಲೆದು ನಕ್ಷೆ ಬರೆದು, ಯಾವ ಕಲ್ಲಿನ ಮೇಲೆ ಯಾವ ಕಲ್ಲು ಕೂತಿದೆ ಎಂಬ ಖತಾವಣಿಯನ್ನು ಸಿದ್ಧಪಡಿಸಿದರು. ಅವರ ದೊಡ್ಡ ಗ್ರಂಥ 1953ರಲ್ಲಿ ಪ್ರಕಟವಾಯಿತು. ಕರ್ನಾಟಕದ ಹಾಸನ ಭಾಗದಲ್ಲಿಯೂ ಇಷ್ಟೇ ವಯಸ್ಸಿನ ಇಂಥ ಕಲ್ಲು ಇದೆ.

ಸುಮಾರು 210-220 ಕೋಟಿ ವರ್ಷಗಳ ಹಿಂದೆ ಈ ತಳಗಲ್ಲು ಸೀಳಿ ಮೊದಲನೆಯ ಸಮುದ್ರ ಬಂತು. ಅದರ ಆಳವಿಲ್ಲದ ದಂಡೆಯಲ್ಲಿ, ಮೀನು-ಮರ ಯಾವುದೂ ಹುಟ್ಟಿರದ ಆ ಕಾಲದಲ್ಲಿ, ಕಣ್ಣಿಗೆ ಕಾಣದ ಜೀವಾಣುಗಳು ಪದರು ಪದರಾಗಿ ದಿಬ್ಬ ಕಟ್ಟಿದವು. ಉದಯಪುರದ ಹತ್ತಿರದ ಝಾಮರಕೋಟ್ರಾದಲ್ಲಿ ಆ ದಿಬ್ಬಗಳು ಕಲ್ಲಾಗಿ ಉಳಿದಿವೆ. ಅವುಗಳಲ್ಲಿನ ರಂಜಕವೇ ಈಗ ಗೊಬ್ಬರವಾಗಿ ಹೊಲಕ್ಕೆ ಬೀಳುತ್ತದೆ. ಅದೇ ಸಮುದ್ರದ ಶಿಲೆಗಳಲ್ಲಿ ಜಾವರದ ಸೀಸ, ಸತುವು ಸಿಕ್ಕವು. ಜಾವರದ ಜನ ಶತಮಾನಗಳ ಹಿಂದೆಯೇ ಮಣ್ಣಿನ ಮೂಸೆಗಳಲ್ಲಿ ಸತುವನ್ನು ಆವಿ ಮಾಡಿ ಇಳಿಸುತ್ತಿದ್ದರು. ಬಳಸಿ ಬಿಟ್ಟ ಆ ಮೂಸೆಗಳನ್ನೇ ಇಟ್ಟಿಗೆಯಂತೆ ಪೇರಿಸಿ ಕಟ್ಟಿದ ಗೋಡೆಗಳು ಅಲ್ಲಿ ಇವೆ.

170-180 ಕೋಟಿ ವರ್ಷಗಳ ಹಿಂದೆ ಈ ಸಮುದ್ರ ಮುಚ್ಚಿತು. ಎರಡು ಹಲಗೆ ಕೂಡಿದ ಹೊಲಿಗೆಯ ಗುರುತು ಬೇಕಿದ್ದರೆ ಕೇಸರಿಯಾಜಿಗೆ ಹೋದಾಗ ನೋಡಿರಿ. ಭಗವಾನ್ ಋಷಭದೇವರ ಹೆಸರಿನ ಆ ಊರಿನ ಸುತ್ತ ಹಸಿರು ಕಲ್ಲಿನ ಉದ್ದನೆಯ ಪಟ್ಟಿ ಇದೆ. ಸಮುದ್ರತಳಕ್ಕಿಂತಲೂ ಕೆಳಗಿನ ಕಲ್ಲು ಇಲ್ಲಿ ಹಿಂಡಿ ಮೇಲೆ ಬಂದಿದೆ ಎಂದು ಅನೇಕ ಭೂವಿಜ್ಞಾನಿಗಳ ಅಭಿಪ್ರಾಯ. ಪೇಟೆಯಲ್ಲಿ ಅದು 'ಕೇಸರಿಯಾಜಿ ಗ್ರೀನ್' ಮಾರ್ಬಲ್ ಎಂದು ಮಾರಾಟವಾಗುತ್ತದೆ. ನಿಜದಲ್ಲಿ ಅದು ಮಾರ್ಬಲ್ ಅಲ್ಲ, ಸರ್ಪೆಂಟಿನೈಟ್.

ಆಮೇಲೆ ಪಶ್ಚಿಮಕ್ಕೆ ಎರಡನೆಯ ತಗ್ಗು ತೆರೆಯಿತು. ಅದು ತುಂಬಿ, ಒತ್ತಿ, ಮಡಿಕೆ ಬಿದ್ದು ಮುಗಿಯುವಾಗ ಇಂದಿಗೆ ಸುಮಾರು 100 ಕೋಟಿ ವರ್ಷ. ದಿಲ್ಲಿಯ ಗುಡ್ಡದ ಬಿರುಸು ಕಲ್ಲು, ಖೇತ್ರಿಯ ತಾಮ್ರ ಈ ಎರಡನೆಯ ಖಾತೆಯವು. ಕೊನೆಗೆ ಆಳದಲ್ಲಿ ಕರಗಿದ ಶಿಲೆ ಮೇಲೇರಿ ಗಟ್ಟಿಯಾಗಿ ಗ್ರಾನೈಟ್ ಆಯಿತು. ಅಬು ಬೆಟ್ಟ ಅದರದ್ದೇ. ಅದರ ವಯಸ್ಸು ಸುಮಾರು 76 ಕೋಟಿ ವರ್ಷ. ಅಂದರೆ ಎತ್ತರದಲ್ಲಿ ಮೊದಲನೆಯದಾದ ಅಬು, ವಯಸ್ಸಿನಲ್ಲಿ ಈ ಮನೆತನದ ಕಿರಿಯ!

ಅಬು ಗ್ರಾನೈಟ್ ಆದರೆ ದಿಲವಾಡಾದ ಬಿಳಿ ಕಲ್ಲು ಎಲ್ಲಿಯದು? ಅಂಬಾಜಿಯ ಹತ್ತಿರದ ಆರಾಸುರ ಬೆಟ್ಟದಿಂದ ತಂದದ್ದು ಎಂದು ಪರಂಪರೆ ಹೇಳುತ್ತದೆ. 1031ರಲ್ಲಿ ಮಂತ್ರಿ ವಿಮಲಶಾಹ, 1230ರಲ್ಲಿ ವಸ್ತುಪಾಲ-ತೇಜಪಾಲ ಸಹೋದರರು ಕಟ್ಟಿಸಿದ ಮಂದಿರಗಳಿವು. ಮಾರ್ಬಲ್ ಅಂದರೆ ಏನು? ನಮ್ಮ ಅಂಗಡಿ-ಮನೆಗಳಲ್ಲಿ ಹಾಸಿದ ಶಹಾಬಾದಿ ಫರಸಿ ಇದೆಯಲ್ಲ, ಅದು ಸಮುದ್ರದಲ್ಲಿ ಕೂತ ಸುಣ್ಣದ ಕಲ್ಲು. ಅದು ಹಲಗೆಗಳ ಒತ್ತಾಟಕ್ಕೆ ಸಿಗದೆ ಪದರು ಪದರಾಗಿಯೇ ಉಳಿಯಿತು. ಅಂಥದೇ ಸುಣ್ಣದ ಕಲ್ಲು ಅರಾವಳಿಯಲ್ಲಿ ಪರ್ವತದ ಹೊಟ್ಟೆಗೆ ಸಿಕ್ಕು, ಬೆಂದು, ಕಲ್ಲುಸಕ್ಕರೆಯಂತೆ ಹರಳುಗಟ್ಟಿ ಮಾರ್ಬಲ್ ಆಯಿತು. ತಾಜಮಹಲಿಗೆ ಹೋದ ಮಕರಾನಾ ಕಲ್ಲೂ ಹೀಗೆಯೇ ಆದದ್ದು.

ಈಗ ಗಿಡ್ಡತನದ ಮಾತು. ಹಿಮಾಲಯ ಏಳತೊಡಗಿ ಸುಮಾರು 5 ಕೋಟಿ ವರ್ಷವಾಯಿತು. ಅರಾವಳಿಯ ಕೊನೆಯ ದೊಡ್ಡ ಮಡಿಕೆಗೆ 100 ಕೋಟಿ. ಹಿಮಾಲಯ 4 ವರ್ಷದ ಕೂಸಾದರೆ ಅರಾವಳಿ 80ರ ಅಜ್ಜ. ನಮ್ಮ ಸೊಲ್ಲಾಪುರ ಸೀಮೆಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷದ್ದು, ಅದೂ ಐದು ವರ್ಷದ ಹುಡುಗನೇ. ಇಷ್ಟು ಕಾಲ ಮಳೆ, ಗಾಳಿ, ಬಿಸಿಲು ಅಜ್ಜನನ್ನು ಸವೆಸಿವೆ. ಮೆತ್ತಗಿನ ಕಲ್ಲು ಕೊಚ್ಚಿ ಹೋಗಿ ಕಣಿವೆಯಾಯಿತು, ಬಿರುಸು ಕಲ್ಲು ಬೆನ್ನೆಲುಬಿನಂತೆ ಉಳಿಯಿತು.

ಅಜ್ಜ ಸವೆದರೂ ಕೆಲಸ ಬಿಟ್ಟಿಲ್ಲ. ಪೂರ್ವದ ಮಗ್ಗಲಿನ ನೀರು ಬನಾಸ ನದಿಯಿಂದ ಚಂಬಲ್, ಯಮುನೆ ಸೇರಿ ಬಂಗಾಲ ಉಪಸಾಗರಕ್ಕೆ ಹೋಗುತ್ತದೆ. ಪಶ್ಚಿಮದ್ದು ಲೂನಿಯಾಗಿ ಕಚ್ಛದ ರಣಕ್ಕೆ ಇಳಿಯುತ್ತದೆ. ಬಿದ್ದ ಅಲ್ಪ ಮಳೆಯನ್ನು ಬಿರುಕುಗಳಲ್ಲಿ ಇಂಗಿಸಿ ಬಾವಿಗಳಿಗೆ ಕೊಡುವದೂ, ಥಾರ್ ಮರುಭೂಮಿಯ ಉಸುಕು ಪೂರ್ವಕ್ಕೆ ಹರಡದಂತೆ ತಡೆಯುವದೂ ಇದೇ ಸಾಲು.

ಆದರೆ ಕೋಟಿಗಟ್ಟಲೆ ವರ್ಷಗಳ ಮಳೆ ಮಾಡದ್ದನ್ನು ಯಂತ್ರ ಕೆಲವೇ ವರ್ಷಗಳಲ್ಲಿ ಮಾಡುತ್ತಿದೆ. ರಾಜಸ್ಥಾನದಲ್ಲಿ ಪರಿಶೀಲಿಸಿದ 128 ಗುಡ್ಡಗಳಲ್ಲಿ 31 ಮಾಯವಾಗಿವೆ ಎಂಬ ವರದಿ 2018ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂತು. ಸುತ್ತಲಿನ ನೆಲಕ್ಕಿಂತ 100 ಮೀಟರ್ ಎತ್ತರ ಇದ್ದರೆ ಮಾತ್ರ ಅರಾವಳಿ ಬೆಟ್ಟ ಎಂಬ ವ್ಯಾಖ್ಯೆಯನ್ನು 2025ರ ನವೆಂಬರ್ 20ರಂದು ನ್ಯಾಯಾಲಯ ಒಪ್ಪಿತು. ಜನರಿಂದ ಬಹಳ ವಿರೋಧ ಬಂದ ಮೇಲೆ ಡಿಸೆಂಬರ್ 29ರಂದು ಅದೇ ನ್ಯಾಯಾಲಯ ಆ ಆದೇಶವನ್ನು ತಡೆಹಿಡಿಯಿತು. ಅಜ್ಜ ಬಾಗಿದ್ದಾನೆಂದು ಅವನ ಎತ್ತರ ಅಳೆದು ಮನೆಯವನಲ್ಲ ಎನ್ನುವ ಮಾತಾಯಿತು ಇದು. ನೂರು ಕೋಟಿ ವರ್ಷ ಸವೆದ ಬೆಟ್ಟ ಗಿಡ್ಡ ಇರುವದೇ ಅದರ ಹಳೆತನದ ಸಾಕ್ಷಿ.

ಕಲ್ಲಿನ ವ್ಯಾಪಾರ ಮಾಡುವವರು, ಕೊಳ್ಳುವವರು ನಮ್ಮ ಸಮಾಜದಲ್ಲಿಯೂ ಇದ್ದೇವೆ. ಕಲ್ಲೇ ಮುಟ್ಟಬಾರದೆಂದು ನಾನು ಹೇಳಲಾರೆ. ಹಾಗೆಂದರೆ ದಿಲವಾಡಾವೂ ಇರುತ್ತಿರಲಿಲ್ಲ. ಆದರೆ ಶ್ರಾವಕರು ಬಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ಭೂಮಿಯನ್ನು ಒಡೆಯುವ ಸ್ಫೋಟಕರ್ಮವನ್ನೂ ಹಿರಿಯರು ಎಣಿಸಿದ್ದಾರೆ ಎಂಬುದು ನೆನಪಿರಲಿ. ಗಣಿಯ ಧೂಳು ನುಂಗಿ ಸಿಲಿಕೋಸಿಸ್ ಆದ ಕೂಲಿಕಾರರ ಸಂಗತಿಯೂ ಇದೆ. ವ್ಯಾಪಾರಿಯಾಗಿ ನನಗೆ ಕಾಣುವದಿಷ್ಟು: ಬೇರೆ ಸರಕು ತೀರಿದರೆ ಪೇಟೆಯಿಂದ ಹೊಸದು ತರಿಸಬಹುದು, ಈ ಸರಕಿಗೆ ಹಿಂದೆ ಗೋದಾಮು ಇಲ್ಲ. ಮಂದಿರಕ್ಕೆ ಒಂದು ಸಲ ಹಾಕಿದ ಕಲ್ಲು ಸಾವಿರ ವರ್ಷ ಬಾಳುತ್ತದೆ. ನಾವೋ ಗಟ್ಟಿಯಿರುವ ಶಹಾಬಾದಿ ಫರಸಿ ಕಿತ್ತು, ಮಗನ ಮದುವೆಗೊಮ್ಮೆ, ಮೊಮ್ಮಗನ ಮುಂಜಿಗೊಮ್ಮೆ ಹೊಸ ಮಾರ್ಬಲ್ ಹಾಕಿಸುತ್ತೇವೆ. ಅದನ್ನಾದರೂ ಬಿಡಬಹುದಲ್ಲವೇ?

ಮುಂದಿನ ಯಾತ್ರೆಗೆ ಹೋದಾಗ ಮಕ್ಕಳಿಗೆ ಅಬುವಿನ ಗ್ರಾನೈಟನ್ನೂ ಕೇಸರಿಯಾಜಿಯ ಹಸಿರು ಕಲ್ಲನ್ನೂ ಕೈಯಿಂದ ಮುಟ್ಟಿಸಿರಿ, ಅವುಗಳ ವಯಸ್ಸು ಹೇಳಿರಿ. ಮುಂದಿನ ಸಂಚಿಕೆಯಲ್ಲಿ ನಮ್ಮ ಕಾಲಕೆಳಗಿನ ಕರಿಕಲ್ಲಿನ ಕಥೆ ನೋಡೋಣ.