65 ಡಾಲರಿನ ಪದವಿ

ಅಮೆರಿಕದಲ್ಲಿ ಪೂರ್ಣ ಪರವಾನಗಿಯುಳ್ಳ ವೈದ್ಯರು ಎರಡು ಬಗೆಯವರು. ಹೆಸರಿನ ಮುಂದೆ ಎಂ.ಡಿ. ಎಂದು ಬರೆದುಕೊಳ್ಳುವವರು ಒಂದು ಬಗೆಯಾದರೆ, ಡಿ.ಒ. ಎಂಬ ಆಸ್ಟಿಯೋಪಥಿ ಪದವೀಧರರು ಇನ್ನೊಂದು ಬಗೆ. ಔಷಧ ಬರೆಯಲು, ಶಸ್ತ್ರಚಿಕಿತ್ಸೆ ನಡೆಸಲು ಇಬ್ಬರಿಗೂ ಸಮಾನ ಅಧಿಕಾರವಿದೆ. ಅಲ್ಲಿನ ವೈದ್ಯ ವಿದ್ಯಾರ್ಥಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಇಂದು ಆಸ್ಟಿಯೋಪಥಿ ಕಾಲೇಜುಗಳಲ್ಲಿದೆ. ವಲಸೆ ಹೋದ ನಮ್ಮವರ ಮಕ್ಕಳೂ ಈ ಕಾಲೇಜುಗಳನ್ನು ಸೇರುತ್ತಿದ್ದಾರೆ. ಇದು ನಿಜವಾದ ಡಾಕ್ಟರಿಕೆಯೇ ಎಂಬ ಸಂದೇಹ ಇಲ್ಲಿರುವ ಹಿರಿಯರಿಗೆ ತಪ್ಪಿದ್ದಲ್ಲ. ಬ್ರಿಟನ್ನಿನಲ್ಲಿ 1993ರ ಕಾಯ್ದೆಯಡಿ ನೋಂದಾಯಿತರಾಗುವ ಆಸ್ಟಿಯೋಪಾತ್‌ಗಳು ಕೈಯಿಂದ ಚಿಕಿತ್ಸೆ ನೀಡುವವರೇ ಹೊರತು ವೈದ್ಯರಲ್ಲ. ಹೆಸರಿನ ಈ ಸಾಮ್ಯ ಗೊಂದಲವನ್ನು ಹೆಚ್ಚಿಸಿದೆ.

ನಾನು ವೈದ್ಯನಲ್ಲ. ಅರ್ಥಶಾಸ್ತ್ರ ಓದಿ, ಸರ್ಕಾರದ ಕಡತಗಳ ನಡುವೆ ಆಯುಷ್ಯದ ಬಹುಪಾಲು ಕಳೆದವನು. ಆದರೆ ಪದವಿಯೊಂದರ ಬೆಲೆಯನ್ನು ಯಾವ ಆಧಾರದ ಮೇಲೆ ಗೊತ್ತುಮಾಡಬೇಕೆಂಬುದು ಆಡಳಿತದ ಪ್ರಶ್ನೆಯೂ ಹೌದು. ಆಸ್ಟಿಯೋಪಥಿಯ ಚರಿತ್ರೆ ಅದಕ್ಕೆ ನೀಡಿರುವ ಉತ್ತರ ಅಪೂರ್ಣವೆಂದು ನನಗೆ ತೋರುತ್ತದೆ.

ಈ ಪದ್ಧತಿಯ ಪ್ರವರ್ತಕ ಆಂಡ್ರ್ಯೂ ಟೇಲರ್ ಸ್ಟಿಲ್. 1864ರಲ್ಲಿ ಮೆದುಳು ಪೊರೆಯ ಉರಿಯೂತಕ್ಕೆ ಮೂವರು ಮಕ್ಕಳನ್ನು ಕಳೆದುಕೊಂಡ ಆತನಿಗೆ ಅಂದಿನ ಔಷಧಗಳ ಮೇಲಿನ ನಂಬಿಕೆ ಹೊರಟುಹೋಯಿತು. ಮೂಳೆ, ಸ್ನಾಯುಗಳ ಸ್ಥಾನಪಲ್ಲಟದಿಂದ ರಕ್ತಸಂಚಾರ ಕೆಟ್ಟು ರೋಗ ಬರುತ್ತದೆ, ಕೈಯಿಂದಲೇ ಅದನ್ನು ಸರಿಪಡಿಸಬಹುದು ಎಂಬುದು ಆತನ ಸಿದ್ಧಾಂತ. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಕಾಲೇಜು ಸ್ಥಾಪನೆಯಾಯಿತು. ಪಾದರಸವನ್ನು ಔಷಧವೆಂದು ಕುಡಿಸುತ್ತಿದ್ದ ಕಾಲದಲ್ಲಿ ಏನನ್ನೂ ಕುಡಿಸದಿರುವುದೇ ಹಲವರನ್ನು ಉಳಿಸಿದ್ದೀತು! 1910ರ ಫ್ಲೆಕ್ಸ್‌ನರ್ ವರದಿ ಇತರ ಅನೇಕ ವೈದ್ಯ ಕಾಲೇಜುಗಳೊಂದಿಗೆ ಆಸ್ಟಿಯೋಪಥಿ ಕಾಲೇಜುಗಳನ್ನೂ ಕಟುವಾಗಿ ಟೀಕಿಸಿತು. ಕ್ರಮೇಣ ಅವು ಔಷಧಶಾಸ್ತ್ರ, ಶಸ್ತ್ರಚಿಕಿತ್ಸೆಗಳನ್ನು ಪಠ್ಯಕ್ರಮದಲ್ಲಿ ಗಟ್ಟಿಮಾಡಿಕೊಂಡವು.

ಮುಂದಿನದು ಅರ್ಥಶಾಸ್ತ್ರದ ವಿದ್ಯಾರ್ಥಿಗೆ ರಸವತ್ತಾದ ಪ್ರಸಂಗ. ಕ್ಯಾಲಿಫೋರ್ನಿಯಾದಲ್ಲಿ ಎರಡೂ ವೈದ್ಯ ಸಂಘಗಳು ವಿಲೀನಗೊಂಡವು. 1962ರಲ್ಲಿ ಸುಮಾರು 2,000 ಡಿ.ಒ.ಗಳು 65 ಡಾಲರ್ ಶುಲ್ಕ ಕಟ್ಟಿ, ಒಂದು ಸಣ್ಣ ವಿಚಾರಗೋಷ್ಠಿಯಲ್ಲಿ ಕುಳಿತು ಎಂ.ಡಿ.ಗಳಾದರು. ಅದೇ ವೈದ್ಯ, ಅದೇ ಜ್ಞಾನ. ಬದಲಾದದ್ದು ಫಲಕ ಮಾತ್ರ. ಅದೇ ವರ್ಷ ರಾಜ್ಯದಲ್ಲಿ ಹೊಸ ಡಿ.ಒ.ಗಳಿಗೆ ಪರವಾನಗಿ ನಿಂತುಹೋಯಿತು. ಈ ನಿಷೇಧ ಸಂವಿಧಾನಕ್ಕೆ ವಿರುದ್ಧವೆಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ 1974ರಲ್ಲಿ ತೀರ್ಪಿತ್ತಿತು. ಅಷ್ಟರಲ್ಲಿ, 1973ರಲ್ಲಿ, ಕೊನೆಯದಾಗಿ ಮಿಸಿಸಿಪಿ ರಾಜ್ಯವೂ ಡಿ.ಒ.ಗಳಿಗೆ ಪೂರ್ಣ ಅಧಿಕಾರ ನೀಡಿತ್ತು. ಪದವಿಯ ಮೂರಕ್ಷರ ಎರಡಕ್ಷರಗಳ ಆಚೆ ತರಬೇತಿಯನ್ನು ನೋಡಿದ ಆಡಳಿತ ಸರಿಯಾದ ಕೆಲಸವನ್ನೇ ಮಾಡಿತೆಂದು ನನ್ನ ಭಾವನೆ. 2020ರಲ್ಲಿ ಸ್ನಾತಕೋತ್ತರ ತರಬೇತಿಯ ಮಾನ್ಯತೆಯೂ ಇಬ್ಬರಿಗೂ ಒಂದೇ ವ್ಯವಸ್ಥೆಯಡಿ ಬಂದಿತು.

ಆದರೆ ಸಮಾನತೆ ಸಿಕ್ಕ ಮೇಲೆ ಪ್ರತ್ಯೇಕತೆಗೆ ಉಳಿದ ಆಧಾರವೇನು? ಕೈಚಿಕಿತ್ಸೆಯೇ ತಮ್ಮ ವೈಶಿಷ್ಟ್ಯವೆನ್ನುತ್ತಾರೆ. ಆದರೆ 2001ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಡಿ.ಒ.ಗಳು ಅದನ್ನು ಶೇ 5ಕ್ಕೂ ಕಡಿಮೆ ರೋಗಿಗಳಿಗೆ ಬಳಸುತ್ತಿದ್ದರು. ಪುರಾವೆಯಾದರೂ ದೃಢವಾಗಿದೆಯೇ? 1999ರಲ್ಲಿ ಬೆನ್ನುನೋವಿನ 155 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಹನ್ನೆರಡು ವಾರಗಳ ಬಳಿಕ ಕೈಚಿಕಿತ್ಸೆಯ ಫಲ ಸಾಮಾನ್ಯ ಚಿಕಿತ್ಸೆಯಷ್ಟೇ ಇತ್ತು. ನೋವುನಿವಾರಕಗಳ ಬಳಕೆ ಮಾತ್ರ ಕಡಿಮೆಯಿತ್ತು. ಇದು ಅಲ್ಪಲಾಭವೇನಲ್ಲ. 2021ರಲ್ಲಿ ಪ್ರಕಟವಾದ, 400 ರೋಗಿಗಳ ಫ್ರೆಂಚ್ ಅಧ್ಯಯನದಲ್ಲಿ ಹುಸಿ ಚಿಕಿತ್ಸೆಗಿಂತ ಕಂಡುಬಂದ ಲಾಭ ತೀರಾ ಸಣ್ಣದು. ರೋಗಿಯ ಅನುಭವಕ್ಕೆ ಬರುವಂಥದ್ದೇ ಎಂಬುದು ಅನುಮಾನ. ಶತಮಾನ ದಾಟಿದ ಪದ್ಧತಿಯೊಂದು ತನ್ನ ಮೂಲ ಪ್ರತಿಪಾದನೆಯನ್ನು ಪರೀಕ್ಷೆಗೊಡ್ಡಲು ಇಷ್ಟು ತಡಮಾಡಬಾರದಿತ್ತು.

ಶಿಕ್ಷಣದ ಚಿತ್ರವೂ ಮಿಶ್ರ. ಡಿ.ಒ.ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪ್ರಾಥಮಿಕ ಆರೋಗ್ಯ ಸೇವೆಯಲ್ಲಿದ್ದಾರೆ. ತಜ್ಞರು ನಗರ ಬಿಟ್ಟು ಕದಲದ ದೇಶದಲ್ಲಿ ಇದು ದೊಡ್ಡ ಉಪಕಾರ. ಇನ್ನೊಂದೆಡೆ, ಅನೇಕ ಕಾಲೇಜುಗಳಿಗೆ ಸ್ವಂತ ಬೋಧನಾ ಆಸ್ಪತ್ರೆಯೇ ಇಲ್ಲ. ಕೊನೆಯ ಎರಡು ವರ್ಷ ವಿದ್ಯಾರ್ಥಿಗಳು ದೂರದೂರದ ಸಮುದಾಯ ಆಸ್ಪತ್ರೆಗಳಲ್ಲಿ ಚದುರಿಹೋಗುತ್ತಾರೆ; ಕಲಿಕೆ ಅಲ್ಲಿನ ವೈದ್ಯರ ಬಿಡುವನ್ನೂ ಸಹೃದಯತೆಯನ್ನೂ ಅವಲಂಬಿಸುತ್ತದೆ. ಫ್ಲೆಕ್ಸ್‌ನರ್ ವರದಿಯ ತರುವಾಯ ಮರೆಯಾಗಿದ್ದ ಲಾಭೋದ್ದೇಶದ ವೈದ್ಯ ಕಾಲೇಜು ಅಮೆರಿಕಕ್ಕೆ ಮರಳಿದ್ದೂ ಈ ಬಾಗಿಲಿನಿಂದಲೇ: ಕೊಲರಾಡೋದ ರಾಕಿ ವಿಸ್ಟಾ, 2008ರಲ್ಲಿ.

ನಮ್ಮಲ್ಲೂ ವೈದ್ಯಪದ್ಧತಿಗಳ ನಡುವಿನ ಗಡಿ ಆಗಾಗ ಕಾವೇರುತ್ತದೆ. 2017ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಮಸೂದೆಯಲ್ಲಿದ್ದ, ಆಯುಷ್ ವೈದ್ಯರಿಗೆ ಸೇತುಬಂಧ ಕೋರ್ಸ್ ಒದಗಿಸುವ ಅಂಶವನ್ನು 2018ರಲ್ಲಿ ಕೈಬಿಡಲಾಯಿತು. 2020ರ ನವೆಂಬರಿನಲ್ಲಿ ಆಯುರ್ವೇದದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ 58 ಬಗೆಯ ಶಸ್ತ್ರಕ್ರಿಯೆಗಳಲ್ಲಿ ತರಬೇತಿ ನೀಡುವ ಅಧಿಸೂಚನೆ ಹೊರಬಿದ್ದಿತು. ಭಾರತೀಯ ವೈದ್ಯಕೀಯ ಸಂಘ ಡಿಸೆಂಬರ್ 11ರಂದು ಮುಷ್ಕರ ಹೂಡಿತು. ಪರಂಪರೆಯ ಅಭಿಮಾನ ಒಂದು ಕಡೆ, ವೃತ್ತಿಯ ಬೇಲಿ ಇನ್ನೊಂದು ಕಡೆ. ಅಂಥ ಕಡತವೇನಾದರೂ ನನ್ನ ಮೇಜಿಗೆ ಬಂದಿದ್ದರೆ ಎರಡನ್ನೂ ಪಕ್ಕಕ್ಕಿಟ್ಟು ಟಿಪ್ಪಣಿಯ ಅಂಚಿನಲ್ಲಿ ಇಷ್ಟು ಕೇಳುತ್ತಿದ್ದೆ: ಪ್ರತಿ ವಿದ್ಯಾರ್ಥಿ ಯಾವ ಆಸ್ಪತ್ರೆಯಲ್ಲಿ, ಯಾರ ಮೇಲ್ವಿಚಾರಣೆಯಲ್ಲಿ, ಎಷ್ಟು ಶಸ್ತ್ರಕ್ರಿಯೆಗಳನ್ನು ಮಾಡಿರಬೇಕು? ಕೊನೆಯಲ್ಲಿ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗೆ ಕೊಡುವ ಪ್ರಶ್ನೆಪತ್ರಿಕೆಯನ್ನೇ ಇವರಿಗೂ ಕೊಡಲಾಗುತ್ತದೆಯೇ?